ಶೀಟ್ ಅಂದ್ರೆ ಹಗ್ಗ, ನೀವು ಅಂದ್ರೆ ತೂಕ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಯಾರೋ ಥೈಲ್ಯಾಂಡ್ ಟೂರಿನ ಬಗ್ಗೆ ಕೇಳಿದ್ರು. ಅದಕ್ಕೆ ಉತ್ತರ ಬರೀತಾ ನಾನು ದುಬೈಯಲ್ಲಿ ಇದ್ದಾಗ ಎರಡು ವರ್ಷ ಡಿಸೆಂಬರಲ್ಲಿ ಫುಕೆಟಿಗೆ ಹೋಗಿ ಅಲ್ಲಿಯ ಕಿಂಗ್ಸ್ ಕಪ್ ರೆಗಾಟದಲ್ಲಿ, ಅಂದ್ರೆ ಹಾಯಿ ಬೋಟಿನ ರೇಸಲ್ಲಿ, ಕ್ರ್ಯೂ ಆಗಿದ್ದೆ ಅಂತ ಸುಮ್ಮನೆ ಒಂದು ಸಾಲು ಸೇರಿಸಿದ್ದೆ, ಅದೇ ತಪ್ಪಾಯ್ತು ನೋಡಿ. ಟೂರಿನ ವಿಷಯ ಎಲ್ಲಿಗೋ ಹೋಯ್ತು, ಆಮೇಲೆ ಬಂದ ಪತ್ರ, ವಾಟ್ಸಾಪ್ ಎಲ್ಲ ಬೋಟಿನದ್ದೇ. ಹಾಗಾಗಿ ಈ ಸಲ ಪೂರ್ತಿ ಅದೇ ಇರ್ಲಿ. ಮೊದಲೇ ಹೇಳಿ ಬಿಡ್ತೇನೆ, ನಾನು ದೊಡ್ಡ ಸೈಲರ್ ಎಲ್ಲ ಅಲ್ಲ, ಲೆಕ್ಕ ಬರೆಯುವ ಕೆಲಸದವ, ಶುಕ್ರವಾರ ರಜೆ ಇತ್ತು ಅಂತ ಕಲಿತದ್ದು ಅಷ್ಟೆ.

ಪ್ರಶ್ನೆ: ನಂಗೆ 31 ವರ್ಷ, ತೂಕ 92 ಕೆಜಿ, ಸಾಫ್ಟ್‌ವೇರ್ ಕೆಲಸ. ಸಿಂಗಾಪುರದಲ್ಲಿರುವ ಫ್ರೆಂಡ್ ಮತ್ತೆ ಅವನ ಗ್ಯಾಂಗ್ ಡಿಸೆಂಬರಲ್ಲಿ ಫುಕೆಟಲ್ಲಿ ಬೋಟ್ ಬಾಡಿಗೆಗೆ ತಗೊಂಡು ರೇಸಿಗೆ ಇಳೀತಾರಂತೆ, ಒಬ್ಬ ಜನ ಕಮ್ಮಿ ಉಂಟು ನೀನು ಬಾ ಅಂತಾನೆ. ನಾನು ಸಮುದ್ರದಲ್ಲಿ ಹೋದದ್ದು ಅಂದ್ರೆ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ, ಅದೂ ಲೈಫ್ ಜಾಕೆಟ್ ಬಿಗಿ ಹಿಡ್ಕೊಂಡು. ನಾನು ಹೋದ್ರೆ ಅವರಿಗೆ ಭಾರ ಆಗುದಿಲ್ವಾ?
— ಸುರತ್ಕಲ್‌ನ ಓದುಗರು

ಮಾರಾಯ್ರೆ, ಭಾರ ಆಗ್ಲಿ ಅಂತಲೇ ನಿಮ್ಮನ್ನು ಕರೆದದ್ದು! ತಮಾಷೆ ಅಲ್ಲ. ಹಾಯಿಗೆ ಗಾಳಿ ಬಡಿದಾಗ ಬೋಟ್ ಒಂದು ಬದಿಗೆ ವಾಲ್ತದೆ, ಅಡಿಯಲ್ಲಿ ಕೀಲ್ ಅಂತ ಸೀಸದ್ದೋ ಕಬ್ಬಿಣದ್ದೋ ಭಾರ ಇರ್ತದೆ, ಅದು ಮಗುಚದ ಹಾಗೆ ಹಿಡೀತದೆ. ಆದ್ರೆ ರೇಸಲ್ಲಿ ಮಗುಚದೆ ಇದ್ರೆ ಸಾಕಾಗುದಿಲ್ಲ, ಬೋಟ್ ಆದಷ್ಟು ನೆಟ್ಟಗೆ ನಿಂತ್ರೆ ಮಾತ್ರ ಸ್ಪೀಡ್. ಅದಕ್ಕೆ ಗಾಳಿ ಬರುವ ಬದಿಯ ಅಂಚಲ್ಲಿ ಜನ ಸಾಲಾಗಿ ಕೂತು ಕಾಲು ಹೊರಗೆ ನೇಲಿಸಿ ಹೊರಕ್ಕೆ ಬಾಗುದು. ಎಂಟು ಜನ, ತಲಾ 75 ಕೆಜಿ ಹಿಡಿದ್ರೂ 600 ಕೆಜಿ ಆಯ್ತು, ಅದೂ ಬೇಕಾದ ಕಡೆಗೆ ಎದ್ದು ಹೋಗುವ ಭಾರ, ಸೀಸಕ್ಕೆ ಕಾಲು ಇಲ್ಲವಲ್ಲ. ಹೀಗೆ ಕೂರುವವರಿಗೆ ರೈಲ್ ಮೀಟ್ ಅಂತ ಹೆಸರು, ಕಟಕಟೆ ಮೇಲಿನ ಮಾಂಸ ಅಂತ ಲೆಕ್ಕ, ಬೇಜಾರು ಮಾಡ್ಬೇಡಿ. ನಾನೂ ಮೊದಲ ವರ್ಷ ನಾಲ್ಕು ದಿನ ಅದೇ ಆಗಿದ್ದೆ.

ಹಾಗಂತ ಸುಮ್ಮನೆ ಕೂರುದು ಅಂದ್ಕೊಳ್ಬೇಡಿ. ಬೋಟ್ ದಿಕ್ಕು ತಿರುಗಿಸುವಾಗ, ಅದಕ್ಕೆ ಟ್ಯಾಕ್ ಅಂತಾರೆ, ಚುಕ್ಕಾಣಿಯವ ಒಂದು ಮಾತು ಹೇಳ್ತಾನೆ, ಇಡೀ ಸಾಲು ಎದ್ದು ಬೂಮಿನ ಅಡಿಯಿಂದ ನುಗ್ಗಿ ಆಚೆ ಬದಿಗೆ ಹೋಗಿ ಪುನಃ ಕಾಲು ನೇಲಿಸ್ಬೇಕು. ಬೂಮ್ ಅಂದ್ರೆ ಹಾಯಿಯ ಕೆಳಗೆ ಅಡ್ಡ ಇರುವ ಉದ್ದದ ಕಂಬ, ಮಂಡೆಗೆ ಸಿಕ್ಕಿದ್ರೆ ಕಥೆ ಮುಗೀತು. ಬೇಗ ಎದ್ರೂ ತಪ್ಪು, ಬೋಟ್ ಇನ್ನೂ ತಿರುಗ್ಲಿಲ್ಲ, ನೀವು ಎದ್ದ ಕೂಡ್ಲೆ ವಾಲ್ತದೆ. ತಡ ಆದ್ರೂ ತಪ್ಪು, ಆಗ ನೀವು ಇರುವ ಬದಿ ಕೆಳಗೆ ಹೋಗಿ ನೀರಿನ ಹತ್ರ ಕೂತಿರ್ತೀರಿ, ಎಲ್ಲರೂ ಮೇಲಿಂದ ನಿಮ್ಮನ್ನೇ ನೋಡ್ತಾರೆ. ಮತ್ತೆ ಗಾಳಿ ಸತ್ತ ಹೊತ್ತಲ್ಲಿ ಉಲ್ಟಾ, ಬೇಕಂತಲೇ ಕೆಳಗಿನ ಬದಿಗೆ ಕೂರಿಸ್ತಾರೆ, ಬೋಟ್ ಚೂರು ವಾಲಿದ್ರೆ ಹಾಯಿ ತನ್ನ ಭಾರಕ್ಕೇ ಆಕಾರ ಹಿಡೀತದೆ ಅಂತ. ಆಗ ಕೆಮ್ಮುದಕ್ಕೂ ಹೆದರಿಕೆ ಆಗ್ತದೆ, ಅಷ್ಟು ಮೆಲ್ಲ ಹೆಜ್ಜೆ ಇಡ್ಲಿಕ್ಕೆ ಹೇಳ್ತಾರೆ.

ಈ ಕಿಂಗ್ಸ್ ಕಪ್ ಶುರುವಾದದ್ದು 1987ರಲ್ಲಿ, ಥೈಲ್ಯಾಂಡಿನ ರಾಜ ಭೂಮಿಬೋಲರ 60ನೇ ಹುಟ್ಟುಹಬ್ಬಕ್ಕೆ. ಅವರ ಹುಟ್ಟಿದ ದಿನ ಡಿಸೆಂಬರ್ 5, ಹಾಗಾಗಿ ರೇಸ್ ಯಾವಾಗ್ಲೂ ಡಿಸೆಂಬರ್ ಮೊದಲ ವಾರದ ಸುತ್ತ ಬರ್ತದೆ. ಜಾಗ ಫುಕೆಟಿನ ಪಶ್ಚಿಮ ಬದಿಯ ಕಟಾ ಬೀಚ್. ಆ ಹೊತ್ತಲ್ಲಿ ಗಾಳಿ ಈಶಾನ್ಯದಿಂದ, ಅಂದ್ರೆ ದ್ವೀಪ ದಾಟಿ ಗುಡ್ಡ ಹತ್ತಿ ಇಳಿದು ಬರುವ ಗಾಳಿ, ನೀರು ಸಪಾಟ್ ಆದ್ರೆ ಗಾಳಿ ಒಂದೇ ಸಮ ಇಲ್ಲ, ಒಮ್ಮೆ ದಬಕ್ಕಂತ ಬಡೀತದೆ ಒಮ್ಮೆ ಇಲ್ಲವೇ ಇಲ್ಲ. ನಿಮ್ಮ ಅದೃಷ್ಟ, ಅಲೆ ಕಮ್ಮಿ.

ಸ್ಟಾರ್ಟಿನ ಐದು ನಿಮಿಷ ಮಾತ್ರ ದಮ್ಮಯ್ಯ ಬಾಯಿ ಮುಚ್ಚಿ ಕೂತುಕೊಳ್ಳಿ. ಬೋಟಿಗೆ ಬ್ರೇಕ್ ಇಲ್ಲ, ಗೆರೆ ಹಾಕಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಹಾಗಾಗಿ ಎಲ್ಲ ಬೋಟು ಗೆರೆಯ ಹಿಂದೆ ಸುತ್ತು ಹಾಕ್ತಾ ಇರ್ತವೆ. 5 ನಿಮಿಷ ಇರುವಾಗ ಒಂದು ಬಾವುಟ ಮೇಲೆ, 4ಕ್ಕೆ ಇನ್ನೊಂದು ಮೇಲೆ, 1 ನಿಮಿಷಕ್ಕೆ ಆ ಎರಡನೇದು ಕೆಳಗೆ, ಸೊನ್ನೆಗೆ ಮೊದಲಿನದ್ದು ಕೆಳಗೆ, ಪ್ರತಿ ಸಲ ಒಂದೊಂದು ಗುಂಡೋ ಹಾರ್ನೋ. ಸೊನ್ನೆಗೆ ಒಂದು ಸೆಕೆಂಡ್ ಮೊದಲು ಮೂತಿ ಗೆರೆ ದಾಟಿತು ಅಂದ್ರೆ ವಾಪಾಸ್ ಬಂದು ಪುನಃ ಹೊರಡ್ಬೇಕು. ನಲ್ವತ್ತು ಅಡಿಯ ಬೋಟುಗಳು ಹತ್ತಿಪ್ಪತ್ತು, ಒಂದಕ್ಕೊಂದು ಕೈಗೆ ಸಿಗುವಷ್ಟು ಹತ್ರ, ನಿಮ್ಮ ಕಾಲು ಹೊರಗೆ ನೇಲ್ತಾ ಉಂಟು. ನಂಗೆ ಮೊದಲ ಸಲ ಎಲ್ಲ ದೇವರ ಹೆಸರೂ ಬಾಯಿಗೆ ಬಂತು.

ಹೋಗಿ ಬನ್ನಿ. ತೂಕ ಇಳಿಸುದು ಬೇಡ, ಆದ್ರೆ ಫ್ರೆಂಡ್ ಹತ್ರ ಒಂದು ಕೇಳಿ ಇಡಿ, ಕೆಲವು ಕ್ಲಾಸಲ್ಲಿ, ಅಂದ್ರೆ ಬೋಟಿನ ವಿಭಾಗದಲ್ಲಿ, ಕ್ರ್ಯೂವಿನ ಒಟ್ಟು ತೂಕಕ್ಕೆ ಮಿತಿ ಇರ್ತದೆ. ಜೆ 24 ಅಂತ 24 ಅಡಿಯ ಒಂದು ಬೋಟಿಗೆ ಇಡೀ ಕ್ರ್ಯೂ ಸೇರಿ 400 ಕೆಜಿ, ಅಷ್ಟೇ. ಅಂಥದ್ರಲ್ಲಿ ನೀವು ಹತ್ತಿದ್ರೆ ಬೇರೆ ಒಬ್ಬ ಇಳೀಬೇಕಾದೀತು.

ಪ್ರಶ್ನೆ: ನಮ್ಮ ಅಜ್ಜನ ಕಾಲದಲ್ಲಿ ಹಾಯಿ ಕಟ್ಟಿದ ಮಂಜಿಯಲ್ಲಿ ಹೆಂಚು ತುಂಬಿಸಿ ಹೋಗ್ತಿದ್ರು, ಗಾಳಿ ಇತ್ಲಾಗಿ ಇದ್ರೆ ಇತ್ಲಾಗಿ, ಇಲ್ಲದಿದ್ರೆ ಕಾಯುದು. ಈಗ ಮೊಮ್ಮಗ ಮೊಬೈಲಲ್ಲಿ ತೋರಿಸ್ತಾನೆ, ಈ ರೇಸಿನ ಬೋಟು ಗಾಳಿಗೆ ಎದುರೇ ಹೋಗ್ತದಂತೆ. ಒಳಗೆ ಇಂಜಿನ್ ಇಟ್ಟು ಮೋಸ ಮಾಡುದಲ್ವಾ?
— ಹೆಜಮಾಡಿಯ ಹಿರಿಯ ಓದುಗರು, 40 ವರ್ಷ ಬೋಟಲ್ಲಿ ದುಡಿದವರು

ಯಜಮಾನ್ರೆ, ಇಂಜಿನ್ ಉಂಟು, ಆದ್ರೆ ರೇಸ್ ಶುರುವಾದ ಮೇಲೆ ಅದು ಬಂದ್. ಮೋಸ ಇಲ್ಲ. ಮತ್ತೆ ಮೊಮ್ಮಗ ಹೇಳಿದ್ದು ಮುಕ್ಕಾಲು ಸತ್ಯ. ನೇರ ಗಾಳಿಯ ಮೂಗಿಗೇ ಯಾವ ಬೋಟೂ ಹೋಗುದಿಲ್ಲ, ಗಾಳಿ ಬರುವ ದಿಕ್ಕಿಂದ ಸುಮಾರು 45 ಡಿಗ್ರಿ ಓರೆಯಾಗಿ ಹೋಗ್ತದೆ, ಸ್ವಲ್ಪ ದೂರ ಆ ಕಡೆ ಓರೆ, ಮತ್ತೆ ತಿರುಗಿ ಈ ಕಡೆ ಓರೆ, ಹೀಗೆ ಘಾಟಿ ರಸ್ತೆ ಹತ್ತಿದ ಹಾಗೆ ತಿರುವು ಹಾಕಿ ಹಾಕಿ ಮೇಲೆ ಹೋಗುದು.

ಓರೆ ಆದ್ರೂ ಎದುರು ಹೋಗುದು ಹೇಗೆ ಅಂತ ನಿಮ್ಗೆ ಬರ್ತದೆ. ಹಲಸಿನ ಹಣ್ಣು ಬಿಡಿಸುವಾಗ ಹಸಿ ಬೇಳೆಯನ್ನು ಎರಡು ಬೆರಳ ಮಧ್ಯ ಒತ್ತಿದ್ರೆ ಪುಸಕ್ಕಂತ ಮುಂದೆ ಹಾರ್ತದಲ್ಲ, ನೀವು ಒತ್ತಿದ್ದು ಬದಿಯಿಂದ, ಅದು ಹೋದದ್ದು ಮುಂದಕ್ಕೆ. ಇಲ್ಲಿ ಒಂದು ಬೆರಳು ಗಾಳಿ, ಹಾಯಿಯನ್ನು ಬದಿಯಿಂದ ಎಳೀತದೆ. ಇನ್ನೊಂದು ಬೆರಳು ನೀರು, ಅಡಿಯ ಕೀಲ್ ಹಲಗೆಯ ಹಾಗೆ ಆಳಕ್ಕೆ ಇಳಿದು ಬೋಟ್ ಅಡ್ಡ ಜಾರ್ಲಿಕ್ಕೆ ಬಿಡುದಿಲ್ಲ. ಎರಡರ ಮಧ್ಯ ಸಿಕ್ಕಿದ ಬೋಟಿಗೆ ಮುಂದೆ ಹೋಗದೆ ಬೇರೆ ದಾರಿ ಇಲ್ಲ. ಹಾಯಿಯ ಬಟ್ಟೆ ಕೂಡ ಸಪಾಟ್ ಅಲ್ಲ, ವಿಮಾನದ ರೆಕ್ಕೆಯ ಹಾಗೆ ಹೊಟ್ಟೆ ಇಟ್ಟು ಹೊಲಿದದ್ದು, ದೂಡುದಕ್ಕಿಂತ ಹೀರಿ ಎಳೆಯುದು ಜಾಸ್ತಿ.

ನಿಮ್ಮ ಅಜ್ಜನವರ ಹಾಯಿ ಕಮ್ಮಿಯದ್ದು ಅಂತ ಅರ್ಥ ಅಲ್ಲ. ಅದು ಮೂರು ಮೂಲೆಯ ಹಾಯಿ, ಉದ್ದ ಓರೆ ಮರಕ್ಕೆ ಕಟ್ಟಿದ್ದು, ಅದೂ ಸ್ವಲ್ಪ ಎದುರು ಹೋಗ್ತದೆ. ಆದ್ರೆ ದಿಕ್ಕು ಬದಲಿಸುವಾಗ ಆ ಇಡೀ ಮರವನ್ನು ಕೂವೆಮರದ, ಅಂದ್ರೆ ಹಾಯಿ ಏರಿಸುವ ನೆಟ್ಟ ಕಂಬದ, ಆಚೆ ಬದಿಗೆ ಸಾಗಿಸ್ಬೇಕು, ಅದೇನು ತಮಾಷೆಯಾ. ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು ದೊಡ್ಡ ಸುತ್ತು ಹೊಡೆದು ತಿರುಗಿಸ್ತಿದ್ರು. ಅದಕ್ಕಿಂತ ಬುದ್ಧಿವಂತಿಕೆ ಅಂದ್ರೆ ಕಾಯುದು, ಚಳಿಗಾಲದ ಗಾಳಿಗೆ ಅರಬ್ ದೇಶಕ್ಕೆ ಹೋಗುದು, ಮಳೆಗಾಲ ಶುರುವಾಗುವ ಮೊದಲು ತಿರುಗಿದ ಗಾಳಿಗೆ ವಾಪಾಸ್ ಬರುದು. ಹೆಂಚು ತುಂಬಿಸಿದವನಿಗೆ ಇಪ್ಪತ್ತು ನಿಮಿಷ ಮೊದಲು ಮುಟ್ಟಿ ಎಂತ ಆಗ್ಬೇಕು? ರೇಸಿನವನಿಗೆ ಲಗೇಜ್ ಇಲ್ಲ, ಅವಸರ ಮಾತ್ರ.

ಒಂದು ವಿಷಯದಲ್ಲಿ ನೀವು ಅಲ್ಲಿಗೆ ಹೋದ್ರೆ ಆ ಬಿಳಿ ಜನ ನಿಮ್ಮ ಕಾಲಿಗೆ ಬೀಳ್ತಾರೆ. ನೀರಿನ ಮೇಲೆ ಕಪ್ಪಾಗಿ ಗಾಳಿಯ ಮಚ್ಚೆ ಓಡಿ ಬರುದನ್ನು ದೂರದಿಂದ ನೋಡಿ ಹೇಳುದು, ಅದು ಬೋಟಲ್ಲಿ ಒಬ್ಬನ ಕೆಲಸವೇ ಆಗಿರ್ತದೆ. ನಮ್ಮ ಬೋಟಲ್ಲಿ ಆ ಕೆಲಸದವ ದುಬಾರಿ ಕನ್ನಡಕ ಹಾಕಿಯೂ ಅರ್ಧ ಸಲ ತಪ್ಪು ಹೇಳ್ತಿದ್ದ.

ಪ್ರಶ್ನೆ: ಮಗ ಚಾರ್ಮಾಡಿ ಘಾಟಿಯಲ್ಲಿ ಮೂರನೇ ತಿರುವಿಗೇ ವಾಂತಿ ಮಾಡುವವ. ಈಗ ಇಂಥ ರೇಸಿಗೆ ಹೋಗ್ತೇನೆ ಅಂತ ಹಠ. ಮತ್ತೆ ಅವ ಸಸ್ಯಾಹಾರಿ. ಎಂತ ಕಟ್ಟಿ ಕೊಡ್ಲಿ?
— ಉಡುಪಿಯ ಒಬ್ಬರು ಅಮ್ಮ

ಅಕ್ಕ, ಘಾಟಿಯಲ್ಲಿ ವಾಂತಿ ಮಾಡುವವ ಬೋಟಲ್ಲಿ ಮಾಡಿಯೇ ಮಾಡ್ತಾನೆ ಅಂತ ಇಲ್ಲ, ಆದ್ರೆ ತಯಾರಿ ಬೇಕು. ಕಿವಿಯ ಒಳಗಿನ ಬ್ಯಾಲೆನ್ಸ್ ಒಂದು ಹೇಳ್ತದೆ, ಕಣ್ಣು ಇನ್ನೊಂದು ಹೇಳ್ತದೆ, ಅದೇ ಜಗಳ. ಬೋಟಿನ ಒಳಗಿನ ಕೋಣೆಗೆ ಇಳಿಯುದು ಬೇಡ, ಮೊಬೈಲ್ ನೋಡುದು ಬೇಡ, ಮೇಲೆ ಗಾಳಿಗೆ ಕೂತು ದೂರ ನೀರು ಆಕಾಶ ಸೇರುವ ಗೆರೆಯನ್ನೇ ನೋಡ್ಲಿ. ಮಾತ್ರೆ ತಗೊಳ್ಳುದಾದ್ರೆ ಡಾಕ್ಟ್ರ ಹತ್ರ ಕೇಳಿ ಹಿಂದಿನ ರಾತ್ರಿಯೇ, ವಾಂತಿ ಬಂದ ಮೇಲೆ ತಗೊಂಡ್ರೆ ಅದೂ ಸಮುದ್ರಕ್ಕೇ. ಕೆಲವು ಮಾತ್ರೆಗೆ ನಿದ್ದೆ ತೂಗ್ತದೆ, ಹಾಗಾಗಿ ಊರಲ್ಲಿ ಒಮ್ಮೆ ತಗೊಂಡು ನೋಡ್ಲಿ. ಬಂದೇ ಬಂತು ಅಂದ್ರೆ ಗಾಳಿ ಹೋಗುವ ಬದಿಗೆ ಹೋಗ್ಬೇಕು, ಒಬ್ಬ ಹಿಂದಿಂದ ಹಿಡಿದಿರ್ಬೇಕು. ಗಾಳಿ ಬರುವ ಬದಿಯಲ್ಲಿ ಮಾಡಿದ್ರೆ ಸಾಲಲ್ಲಿ ಕೂತ ಎಲ್ಲರಿಗೂ ಪಾಲು.

ಊಟಕ್ಕೆ ಬೋಟಲ್ಲಿ ಮಧ್ಯಾಹ್ನ ಸ್ಯಾಂಡ್‌ವಿಚ್ ಥರ ಎಂತದೋ ಕೊಡ್ತಾರೆ, ಸಸ್ಯಾಹಾರಿ ಅಂತ ಮೊದಲೇ ಬರೆದು ಹೇಳ್ಲಿ. ನೀವು ಚಿಕ್ಕಿ, ಹುರಿದ ಅವಲಕ್ಕಿ, ಪುನರ್ಪುಳಿ ಸಿರಪ್ ಒಂದು ಬಾಟ್ಲಿ ಕಟ್ಟಿ ಕೊಡಿ, ನೀರಿಗೆ ಚೂರು ಉಪ್ಪು ಹಾಕಿ ಬೆರೆಸಿದ್ರೆ ಅಂಗಡಿಯ ಎಲೆಕ್ಟ್ರೋಲೈಟ್ ಯಾವ ಲೆಕ್ಕಕ್ಕೂ ಇಲ್ಲ. ದಿನಕ್ಕೆ ಮೂರು ಲೀಟರ್ ನೀರು ಬೇಕೇ ಬೇಕು, ಮೇಲಿನ ಬಿಸಿಲೂ ನೀರಿಂದ ಹೊಡೆಯುವ ಬಿಸಿಲೂ ಸೇರಿ ಮಧ್ಯಾಹ್ನಕ್ಕೆ ಮಂಡೆ ಸುತ್ತುವುದನ್ನು ಸುಮಾರು ಜನ ಸಮುದ್ರದ ಕಾಯಿಲೆ ಅಂತಲೇ ತಿಳ್ಕೊಳ್ತಾರೆ.

ಬಾಳೆಹಣ್ಣು ಮಾತ್ರ ಕೊಡ್ಬೇಡಿ! ಬಾಳೆಹಣ್ಣು ಬೋಟಿಗೆ ಅಪಶಕುನ ಅಂತ ಸೈಲಿಂಗಿನವರಲ್ಲಿ ಹಳೇ ನಂಬಿಕೆ. ನಾನು ಗೊತ್ತಿಲ್ಲದೆ ನೇಂದ್ರಬಾಳೆ ಚಿಪ್ಸ್ ಒಂದು ಕೆಜಿ ತಗೊಂಡು ಹತ್ತಿದ್ದೆ, ಮುಂದೆ ಕೆಲಸ ಮಾಡುವ ನ್ಯೂಜಿಲೆಂಡಿನವ ಪ್ಯಾಕೆಟ್ ತಿರುಗಿಸಿ ಹಳದಿ ಚಿತ್ರ ನೋಡಿದವನೇ ಹಾವು ಕಂಡ ಹಾಗೆ ಮಾಡಿದ. ಕರಿದದ್ದು ಲೆಕ್ಕಕ್ಕೆ ಬರ್ತದಾ ಇಲ್ವಾ ಅಂತ ಹತ್ತು ನಿಮಿಷ ಚರ್ಚೆ ಆಯ್ತು, ಕೊನೆಗೆ ಪ್ಯಾಕೆಟನ್ನು ದಡಕ್ಕೆ ಹೋಗುವ ದೋಣಿಯಲ್ಲಿ ವಾಪಾಸ್ ಕಳಿಸಿದ್ರು. ಸಂಜೆ ಬೀಚಲ್ಲಿ ಅದೇ ಚಿಪ್ಸ್ ಮೊದಲು ಖಾಲಿ ಮಾಡಿದ್ದೂ ಅವನೇ.

ಪ್ರಶ್ನೆ: ಮೊದಲು ಮುಟ್ಟಿದ ಬೋಟಿಗೆ ಮೂರನೇ ಬಹುಮಾನ, ಇಪ್ಪತ್ತು ನಿಮಿಷ ಹಿಂದೆ ಬಂದದ್ದಕ್ಕೆ ಮೊದಲನೇದು ಅಂತ ಎಲ್ಲೋ ಓದಿದೆ. ಇದೆಂಥ ನ್ಯಾಯ?
— ಕಾರ್ಕಳದ ಓದುಗರು

ಕಾರ್ಕಳದವರು ನೀವು, ಕಂಬಳ ನೋಡಿ ಬೆಳೆದವರು ಈ ಪ್ರಶ್ನೆ ಕೇಳುದಾ? ಹಗ್ಗ ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ ಅಂತ ವಿಭಾಗ ಮಾಡುದಿಲ್ವಾ, ಕನೆಹಲಗೆಯಲ್ಲಿ ಮೊದಲು ಮುಟ್ಟಿದ್ದು ಮುಖ್ಯವಾ, ನೀರು ನಿಶಾನೆಗೆ ಹಾರಿದ್ದು ಮುಖ್ಯವಾ? ಹಾಗೆಯೇ ಇದು.

ಉದ್ದದ ಬೋಟು ಸಹಜವಾಗಿ ಸ್ಪೀಡ್. ಅದಕ್ಕೆ ಐಆರ್‌ಸಿ ಅಂತ ಒಂದು ಪದ್ಧತಿಯಲ್ಲಿ ಪ್ರತಿ ಬೋಟಿನ ಉದ್ದ, ತೂಕ, ಹಾಯಿ ಎಲ್ಲ ಅಳೆದು ಒಂದು ನಂಬರ್ ಕೊಡ್ತಾರೆ, ಓಡಿದ ಸಮಯವನ್ನು ಅದ್ರಿಂದ ಗುಣಿಸುದು. ಲೆಕ್ಕಕ್ಕೆ ಹೇಳುದಾದ್ರೆ ದೊಡ್ಡ ಬೋಟಿನ ನಂಬರ್ 1.200, ಅದು 120 ನಿಮಿಷಕ್ಕೆ ಮುಟ್ಟಿತು, ಗುಣಿಸಿದ್ರೆ 144. ಸಣ್ಣದ್ರ ನಂಬರ್ 1.000, ಅದು 135 ನಿಮಿಷಕ್ಕೆ ಬಂತು, 135ಕ್ಕೆ 135. ಸಣ್ಣದ್ದು ಒಂಬತ್ತು ನಿಮಿಷದಿಂದ ಗೆದ್ದಿತು. ಮೊದಲು ಮುಟ್ಟಿದವರು ದಡದಲ್ಲಿ ಬಿಯರ್ ಕುಡೀತಾ ವಾಚ್ ನೋಡ್ತಾ ಕೂರುದು, ಅದು ನೋಡ್ಲಿಕ್ಕೆ ಗಮ್ಮತ್ ಇರ್ತದೆ. ಪಾಯಿಂಟ್ ಕೂಡ ಉಲ್ಟಾ, ಮೊದಲನೇಯವನಿಗೆ 1, ಎರಡನೇಯವನಿಗೆ 2, ವಾರದ ಕೊನೆಗೆ ಯಾರದ್ದು ಕಮ್ಮಿಯೋ ಅವ ಗೆದ್ದ. ಲೆಕ್ಕ ಬರೆಯುವವನಾಗಿ ನಂಗೆ ಇಡೀ ರೆಗಾಟದಲ್ಲಿ ಪೂರ್ತಿ ಅರ್ಥ ಆದ ಭಾಗ ಇದೊಂದೇ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಓದ್ತಿದ್ದೇನೆ, 48 ಕೆಜಿ. ಹುಡುಗಿಯರನ್ನು ಕ್ರ್ಯೂ ಮಾಡ್ತಾರಾ? ನೀವು ಹೇಳುವ ತೂಕದ ಲೆಕ್ಕದಲ್ಲಿ ನನಗೆ ಚಾನ್ಸ್ ಉಂಟಾ? ಎಲ್ಲಿ ಕಲಿಯುದು?

ಉಂಟು ಮಗಾ. ಬೋಟಿನ ಮೂತಿಯಲ್ಲಿ ಭಾರ ಇದ್ರೆ ಮೂತಿ ನೀರಿಗೆ ಇಳೀತದೆ, ಹಾಗಾಗಿ ಅಲ್ಲಿ ಓಡಾಡಿ ಹಾಯಿ ಬದಲಿಸುವ ಕೆಲಸಕ್ಕೆ ಹಗುರ ಇದ್ದವರು, ಕಪಿಯ ಹಾಗೆ ಚುರುಕು ಇದ್ದವರೇ ಬೇಕು. ನನ್ನ 80 ಕೆಜಿಯನ್ನು ಕೂವೆಮರದಿಂದ ಮುಂದೆ ಬಿಟ್ಟದ್ದೇ ಇಲ್ಲ. ನಮ್ಮ ಬೋಟಲ್ಲಿ ಹತ್ತು ಜನರಲ್ಲಿ ಮೂರು ಜನ ಹೆಂಗಸರು, ಅದ್ರಲ್ಲಿ ಒಬ್ಬಳು ತಂತ್ರ ಹೇಳುವವಳು, ಅವಳ ಮಾತಿಗೆ ಯಜಮಾನನೂ ಎದುರಾಡ್ತಿರ್ಲಿಲ್ಲ.

ನಮ್ಮ ದೇಶದ ಉದಾಹರಣೆ ಬೇಕಾದ್ರೆ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ತಾರಿಣಿ ಅಂತ 55 ಅಡಿಯ ಹಾಯಿ ಬೋಟಲ್ಲಿ 2017ರ ಸೆಪ್ಟೆಂಬರಲ್ಲಿ ಗೋವಾದಿಂದ ಹೊರಟು ಭೂಮಿಗೆ ಸುತ್ತು ಹಾಕಿ 2018ರ ಮೇಯಲ್ಲಿ ವಾಪಾಸ್ ಬಂದ್ರು. ಅದೇ ಬೋಟಲ್ಲಿ ಮತ್ತೆ 2024–25ರಲ್ಲಿ ದಿಲ್ನಾ ಮತ್ತೆ ರೂಪಾ ಅಂತ ಇಬ್ಬರೇ ಅಧಿಕಾರಿಗಳು ಸುತ್ತು ಮುಗಿಸಿದ್ರು. ಚೆನ್ನೈಯ ನೇತ್ರಾ ಕುಮನನ್ ಸೈಲಿಂಗಲ್ಲಿ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ, ಟೋಕಿಯೊಗೂ ಹೋದ್ರು ಪ್ಯಾರಿಸಿಗೂ ಹೋದ್ರು.

ಕಲಿಯುದಕ್ಕೆ ನಂಗೆ ಗೊತ್ತಿದ್ದ ದೊಡ್ಡ ಕ್ಲಬ್ಬುಗಳು ಚೆನ್ನೈ, ಮುಂಬೈ, ಮತ್ತೆ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಉಂಟು. ಚೆನ್ನೈಯ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರದ್ದು, ಮುಂಬೈಯ ರಾಯಲ್ ಬಾಂಬೆ ಅದಕ್ಕೂ ಹಳೇದು, 1846. ರಜೆಯಲ್ಲಿ ಸಣ್ಣ ಬೋಟಲ್ಲಿ ಕಲಿ, ಒಬ್ಬರೇ ಕೂರುವ ಡಿಂಗಿಯಲ್ಲಿ. ಅದು ಮಗುಚ್ತದೆ, ನೀನು ಬೀಳ್ತಿ, ಎತ್ತಿ ಪುನಃ ಕೂರ್ತಿ. ದೊಡ್ಡ ಬೋಟಲ್ಲಿ ತಪ್ಪು ಮಾಡಿದ್ರೆ ಹತ್ತು ಜನ ಬೊಬ್ಬೆ ಹೊಡೀತಾರೆ, ಸಣ್ಣದ್ರಲ್ಲಿ ನೀರೇ ಹೇಳಿ ಕೊಡ್ತದೆ. ಅಲ್ಲಿವರೆಗೆ ಮೂಲ್ಕಿಗೆ ಹೋಗಿ ಸರ್ಫಿಂಗ್ ಅಥವಾ ನಿಂತು ಹುಟ್ಟು ಹಾಕುವ ಬೋರ್ಡ್ ಕಲಿತ್ರೆ ನೀರಿನ ಹೆದರಿಕೆ ಹೋಗ್ತದೆ. ಈಜು ಬರ್ಬೇಕು, ಅದ್ರಲ್ಲಿ ಮಾತಿಲ್ಲ.

ಪ್ರಶ್ನೆ: ಬೇರೆಯವರಿಗೆ ಬುದ್ಧಿ ಹೇಳ್ತೀರಲ್ಲ, ನೀವು ಎಂತ ಎಡವಟ್ಟು ಮಾಡಿದ್ರಿ ಅದು ಹೇಳಿ.
— ಪತ್ರದಲ್ಲಿ ಹೆಸರಿಲ್ಲ, ಅಕ್ಷರ ನೋಡಿದ್ರೆ ನನ್ನ ಭಾವನದ್ದು

ಹೇಳ್ತೇನೆ ಭಾವ. ಎರಡನೇ ವರ್ಷ ನಂಗೆ ಬಡ್ತಿ ಆಯ್ತು, ಅಂಚಲ್ಲಿ ಕೂರುದು ಬಿಟ್ಟು ವಿಂಚಿನ ಹತ್ರ ಹಾಕಿದ್ರು. ವಿಂಚ್ ಅಂದ್ರೆ ಸಣ್ಣ ಉರುಟು ಡ್ರಮ್, ಮುಂದಿನ ಹಾಯಿಯನ್ನು ಎಳೆಯುವ ಹಗ್ಗವನ್ನು ಅದಕ್ಕೆ ಸುತ್ತಿ ಬಿಗಿ ಮಾಡುದು. ಆ ಹಗ್ಗಕ್ಕೆ ಶೀಟ್ ಅಂತ ಹೆಸರು. ನಾನು ಮೊದಲ ದಿನ ಶೀಟ್ ಅಂದ್ರೆ ಹಾಯಿಯ ಬಟ್ಟೆಯೋ, ನಮ್ಮ ಕೊಟ್ಟಿಗೆಗೆ ಹಾಕುವಂಥದ್ದೋ ಅಂತ ಸುತ್ತ ನೋಡ್ತಾ ನಿಂತಿದ್ದೆ. ಬೋಟಲ್ಲಿ ಹಗ್ಗಕ್ಕೆ ಹಗ್ಗ ಅಂತ ಯಾರೂ ಹೇಳುದಿಲ್ಲ, ಮೇಲೆ ಎತ್ತುವುದಕ್ಕೆ ಹ್ಯಾಲ್ಯಾರ್ಡ್, ಎಳೆಯುವುದಕ್ಕೆ ಶೀಟ್, ಒಂದೊಂದಕ್ಕೂ ಒಂದೊಂದು ಹೆಸರು.

ನಿಯಮ ಸುಲಭ. ಡ್ರಮ್ಮಿಗೆ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ಸುತ್ತಬೇಕು, ಮೊದಲು ಎರಡೇ ಸುತ್ತು, ಜೋರಾಗಿ ಎಳೀಬೇಕು, ಹಗ್ಗಕ್ಕೆ ಲೋಡ್ ಬಂದ ಮೇಲೆ ಮೂರನೇದು, ನಾಲ್ಕನೇದು. ನಂಗೆ ಹೆದರಿಕೆ, ಜಾರಿದ್ರೆ ಎಂತ ಮಾಡುದು ಅಂತ ಮೊದಲೇ ನಾಲ್ಕು ಸುತ್ತು ಹಾಕಿ ಎಳೆದೆ. ಸಡಿಲ ಇದ್ದ ಹಗ್ಗ ಒಂದರ ಮೇಲೆ ಒಂದು ಹತ್ತಿ, ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿ, ಕೆಳಗಿನ ಸುತ್ತು ಮೇಲಿನದ್ರ ಅಡಿ ಸಿಕ್ಕಿ ಕಚ್ಚಿ ಕೂತಿತು. ಈಗ ಎಳೀಲಿಕ್ಕೂ ಆಗುದಿಲ್ಲ ಬಿಡ್ಲಿಕ್ಕೂ ಆಗುದಿಲ್ಲ. ಆ ಕಬ್ಬಿಣದ ಹಾಗೆ ಬಿಗಿದ ಹಗ್ಗವನ್ನು ನಾನು ಉಗುರಿಂದ ಕೆರೀತಾ ಇದ್ದೆ, ಮೂರ್ಖನ ಹಾಗೆ. ಎದುರಿಂದ ಬಲಬದಿಯ ಗಾಳಿಯಲ್ಲಿ ಇನ್ನೊಂದು ಬೋಟ್ ಬರ್ತಾ ಉಂಟು. ನಮ್ಮದು ಎಡಬದಿಯ ಗಾಳಿಯಲ್ಲಿ, ರೂಲ್ ಪ್ರಕಾರ ನಾವೇ ದಾರಿ ಬಿಡ್ಬೇಕು. ಟ್ಯಾಕ್ ಮಾಡಿದ್ರೆ ಹಾಯಿ ಬಿಡುದಿಲ್ಲ, ಅದೇ ಬದಿಗೆ ಕಟ್ಟಿ ಹಾಕಿದ ಹಾಗೆ. ಆಚೆಯವ ಸ್ಟಾರ್‌ಬೋರ್ಡ್ ಸ್ಟಾರ್‌ಬೋರ್ಡ್ ಅಂತ ಬೊಬ್ಬೆ, ಸ್ಟಾರ್‌ಬೋರ್ಡ್ ಅಂದ್ರೆ ಬಲಬದಿ.

ಯಜಮಾನ ಒಂದು ಮಾತೂ ಬೈಲಿಲ್ಲ, ಚುಕ್ಕಾಣಿ ತಿರುಗಿಸಿ ಅವನ ಹಿಂದಿಂದ ಇಳಿಸಿದ, ಎರಡು ಬೋಟಿನ ಮಧ್ಯ ಒಂದು ಆಳು ಮಲಗುವಷ್ಟು ಜಾಗ. ಹಾಯಿ ನೋಡ್ಕೊಳ್ಳುವ ಹೆಂಗಸು ಬಂದು ನನ್ನ ಕೈ ಹಿಡಿದು ಮೊದಲು ಹಗ್ಗದಿಂದ ದೂರ ಇಟ್ಟಳು. ಬೆರಳು ಅಲ್ಲಿ ಇರುವಾಗ ಅದು ಬಿಟ್ಟಿದ್ರೆ ಬೆರಳೇ ಹೋಗ್ತಿತ್ತು ಅಂತ ಆಮೇಲೆ ಹೇಳಿದ್ಳು. ಮತ್ತೆ ಇನ್ನೊಂದು ಸಣ್ಣ ಹಗ್ಗ ತಂದು, ಬಿಗಿದ ಶೀಟಿಗೆ ವಿಂಚಿಂದ ಮುಂದೆ ರೋಲಿಂಗ್ ಹಿಚ್ ಅಂತ ಒಂದು ಗಂಟು ಹಾಕಿ, ಅದನ್ನು ಬೇರೆ ವಿಂಚಿಗೆ ಕೊಟ್ಟು ಎಳೆಸಿದ್ಳು. ಲೋಡ್ ಪೂರ್ತಿ ಆ ಸಣ್ಣ ಹಗ್ಗಕ್ಕೆ ಹೋಯ್ತು, ನನ್ನ ಡ್ರಮ್ಮಿನ ಮೇಲಿನ ಗಂಟಲ್ಲಿ ಉಸಿರು ಬಂದ ಹಾಗೆ ಸಡಿಲ ಆಯ್ತು, ಎರಡು ಬೆರಳಲ್ಲಿ ಬಿಚ್ಚಿದ್ಳು. ಎಲ್ಲ ಸೇರಿ ಎರಡು ನಿಮಿಷ ಆಗಿರ್ಬಹುದು. ಆ ಎರಡು ನಿಮಿಷದಲ್ಲಿ ಐದು ಬೋಟು ನಮ್ಮನ್ನು ದಾಟಿ ಹೋಯ್ತು.

ಮರುದಿನ ನನ್ನನ್ನು ಪುನಃ ಅಂಚಿಗೆ ಕಳಿಸ್ತಾರೆ ಅಂತ ಗ್ಯಾರಂಟಿ ಇತ್ತು. ಕಳಿಸ್ಲಿಲ್ಲ. ಅವಳು ವಿಂಚಿನ ತಲೆ ಮೇಲೆ ಮಾರ್ಕರಲ್ಲಿ ದೊಡ್ಡದಾಗಿ 2 ಅಂತ ಬರೆದಿಟ್ಟಿದ್ಳು, ಅಷ್ಟೆ. ಅದಕ್ಕೇ ಹೇಳುದು, ಕೈಗೆ ಹಗ್ಗ ಸುತ್ತಿ ಎಳೀಬೇಡಿ, ಉಂಗುರ ಕಳಚಿ ಹೋಟೆಲಲ್ಲಿ ಇಡಿ, ಉದ್ದ ಕೂದಲು ಇದ್ದವರು ಕಟ್ಟಿ, ಕರಿಮಣಿ ಬಟ್ಟೆಯ ಒಳಗೆ ಇರ್ಲಿ. ಮತ್ತೆ ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳುವಾಗ ರೇಸಿಂಗ್ ಕವರ್ ಆಗ್ತದಾ ಅಂತ ಸಣ್ಣ ಅಕ್ಷರ ಓದಿ, ಸುಮಾರು ಪಾಲಿಸಿಯಲ್ಲಿ ಅದನ್ನು ಬಿಟ್ಟಿರ್ತಾರೆ.

ಪ್ರಶ್ನೆ: ದುಡ್ಡು ಕೊಡ್ತಾರಾ?
— ಬಂಟ್ವಾಳ

ಇಲ್ಲ. ಪ್ರೊಫೆಷನಲ್‌ಗಳಿಗೆ ಕೊಡ್ತಾರೆ, ನಮ್ಮಂಥವರು ಟಿಕೆಟ್, ರೂಮು ಎಲ್ಲ ಸ್ವಂತ. ಮಧ್ಯಾಹ್ನದ ತಿಂಡಿ ಮತ್ತೆ ಒಂದು ಟೀಶರ್ಟ್ ಸಿಗ್ತದೆ.

ಪ್ರಶ್ನೆ: ಹೋಗುದು ನಿಶ್ಚಯ ಆಯ್ತು. ಈಗಿಂದ ಡಿಸೆಂಬರ್‌ವರೆಗೆ ಮನೆಯಲ್ಲಿ ಕೂತು ಎಂತ ಪ್ರಾಕ್ಟೀಸ್ ಮಾಡ್ಲಿ?
— ಪಡುಬಿದ್ರಿಯ ಓದುಗರು

ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದ್ರೂ ಚಾಲ್ತಿಯಲ್ಲಿ ಉಂಟಾ ನೋಡಿ. ಗಟ್ಟಿ ಟ್ರಾಲಿ ಬ್ಯಾಗ್ ಬೇಡ, ಬೋಟಲ್ಲಿ ಇಡ್ಲಿಕ್ಕೆ ಜಾಗ ಇಲ್ಲ, ಮಡಚುವ ಬಟ್ಟೆ ಬ್ಯಾಗ್ ಸಾಕು. ಶೂವಿನ ಅಡಿ ಡೆಕ್ಕಲ್ಲಿ ಕಪ್ಪು ಗೀರು ಬೀಳಿಸದೆ ಇರುವಂಥದ್ದು. ಉದ್ದ ತೋಳಿನ ಅಂಗಿ, ಟೋಪಿಗೆ ದಾರ. ಸನ್‌ಸ್ಕ್ರೀನ್ ಹಚ್ಚುದಾದ್ರೆ ದಡದಲ್ಲೇ ಹಚ್ಚಿ, ಡೆಕ್ ಮೇಲೆ ಸ್ಪ್ರೇ ಹೊಡೆದ್ರೆ ಜಾರಿ ಬೀಳುವವ ನೀವಲ್ಲ, ನಿಮ್ಮ ಹಿಂದೆ ಓಡಿ ಬರುವವ.

ಮತ್ತೆ ಒಂದೇ ಒಂದು ಗಂಟು ಕಲೀರಿ, ಬೋಲೈನ್. ಹಾಯಿಯ ಮೂಲೆಗೆ ಶೀಟ್ ಕಟ್ಟುದು ಇದ್ರಿಂದಲೇ. ಎಷ್ಟು ಎಳೆದ್ರೂ ಜಾರುದಿಲ್ಲ, ಲೋಡ್ ಹೋದ ಮೇಲೆ ಬಿಚ್ಚಲಿಕ್ಕೆ ಸಲೀಸು. ಪಡುಬಿದ್ರಿಯಲ್ಲಿ ಬಲೆ ಸರಿ ಮಾಡುತ್ತಾ ಕೂತ ಯಾರ ಹತ್ರ ಕೇಳಿದ್ರೂ ತೋರಿಸ್ತಾರೆ, ಅವರು ಬೇರೆ ಹೆಸರು ಹೇಳ್ಬಹುದು. ನಾನು ನೆನಪಿಟ್ಟದ್ದು ಹೀಗೆ: ಉದ್ದದ ಹಗ್ಗ ತೆಂಗಿನಮರ, ಅದ್ರಲ್ಲಿ ಮಾಡಿದ ಸಣ್ಣ ಉಂಗುರ ಬಾವಿ, ತುದಿ ಕೇರೆ ಹಾವು. ಹಾವು ಬಾವಿಯಿಂದ ಮೇಲೆ ಬರ್ತದೆ, ಮರದ ಹಿಂದಿಂದ ಒಂದು ಸುತ್ತು ಬರ್ತದೆ, ಬಂದ ದಾರಿಯಲ್ಲೇ ಬಾವಿಗೆ ಇಳೀತದೆ. ಹಾವನ್ನೂ ಮರವನ್ನೂ ಎರಡು ದಿಕ್ಕಿಗೆ ಎಳೀರಿ. ಕಣ್ಣು ಬಿಟ್ಟು ನೂರು ಸಲ, ಮತ್ತೆ ಕಣ್ಣು ಮುಚ್ಚಿ ನೂರು ಸಲ, ಕೊನೆಗೆ ಕೈ ಒದ್ದೆ ಮಾಡಿ ಮನೆಯವರ ಹತ್ರ ಪಕ್ಕದಲ್ಲಿ ನಿಂತು ಬೊಬ್ಬೆ ಹೊಡೀಲಿಕ್ಕೆ ಹೇಳಿ ಇನ್ನೊಂದು ನೂರು ಸಲ.